ಅದೇ ಮೇಜು, ಅದೇ ಮಂದಿ

ತಾಂಡೂರಿನ ಬೀಜದಂಗಡಿಯ ಸಂಗಮೇಶ ಫೋನ್ ಮಾಡಿ "ನಾರಾಯಣಖೇಡದ ಕಾಕಾ ಹೋಗಿಬಿಟ್ಟರ್ರಿ" ಎಂದಾಗ ನಾನು ಕೊಹೀರ್ ಬಸ್ ನಿಲ್ದಾಣದ ಎದುರು ಪೇರಲಹಣ್ಣು ಆರಿಸುತ್ತಿದ್ದೆ. ಕೈಯಲ್ಲಿದ್ದ ಹಣ್ಣನ್ನು ಬುಟ್ಟಿಗೇ ವಾಪಸ್ ಹಾಕಿ ನಿಂತೆ. ಹಣ್ಣಿನವಳು "ಯಾಕ್ರಿ, ಹುಳ ಅವ ಏನು?" ಎಂದು ಸಿಟ್ಟಿಗೆದ್ದಳು. ಅದೇ ಹಣ್ಣನ್ನು ಮತ್ತೆ ಎತ್ತಿ ತೂಕಕ್ಕೆ ಹಾಕಿಸಿದೆ.

ಬಸ್ಸು ಹತ್ತುವಷ್ಟರಲ್ಲಿ ಬೀಜದಂಗಡಿಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂದಿತ್ತು. ಹಡಗಿನ ಊಟದ ಮೇಜು, ಬಿಳಿ ಬಟ್ಟೆ, ಗಾಜಿನ ಲೋಟಗಳು, ಸೂಟು ಹಾಕಿದ ಗಂಡಸರು, ರೇಷ್ಮೆ ಸೀರೆಯ ಹೆಂಗಸರು. ನಡುವೆ ಕೊರಳು ಮುಚ್ಚುವ ಕರಿ ಬಂದ್ ಗಲಾ ಕೋಟು ತೊಟ್ಟು, ಹಣೆಗೆ ವಿಭೂತಿ ಧರಿಸಿ ಹಲ್ಲು ಕಾಣುವಂತೆ ನಗುತ್ತಿರುವ ಕಾಕಾ. ಕೆಳಗೆ ಸಂಗಮೇಶ ಬರೆದಿದ್ದ: "ಸದಾ ನಗುನಗುತ್ತಾ ಇದ್ದ ನಮ್ಮ ಕಾಕಾ." ಅದರ ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಆ ಮೇಜಿನಲ್ಲಿ ನಾನೂ ಇದ್ದೆ. ಆ ನಗು ಎಂಥದೆಂದು ನನಗೆ ಗೊತ್ತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ತಮ್ಮ ಬಗ್ಗೆ ಮಂದಿ ಮಾತಾಡುವುದು ಅವರಿಗೆ ಸೇರುತ್ತಿರಲಿಲ್ಲ. ತಮ್ಮ ಜೊತೆ ಮಂದಿ ಮಾತಾಡಬೇಕು ಎಂಬ ಆಸೆಗೆ ಮಾತ್ರ ಮಿತಿಯಿರಲಿಲ್ಲ.

ನಾನು ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ನನ್ನ ಸುತ್ತಾಟದ ಊರುಗಳು. ಅಂಗಡಿ ಅಂಗಡಿಗೆ ಹೋಗಿ ತೊಗರಿ, ಜೋಳ, ಹತ್ತಿಯ ಬೀಜಕ್ಕೆ ಆರ್ಡರು ತೆಗೆದುಕೊಳ್ಳುವುದು, ಮೊಳಕೆ ಬಾರದಿದ್ದರೆ ಬೈಸಿಕೊಳ್ಳುವುದು. ಎರಡನೆಯದೇ ಹೆಚ್ಚು. ಕಾಕಾ ಅವರ ಅಂಗಡಿ ನಾರಾಯಣಖೇಡದ ಮಾರುಕಟ್ಟೆಯ ಬದಿಗಿತ್ತು. ದಪ್ಪ ಮೈ, ಬಿಳಿ ಪೈಜಾಮ, ಕೊರಳಲ್ಲಿ ಲಿಂಗದ ಕರಡಿಗೆ. ರೈತರ ಜೊತೆ ತೆಲುಗು, ಲಾರಿಯವರ ಜೊತೆ ದಖನಿ, ದೇಗಲೂರಿನ ವ್ಯಾಪಾರಿಗಳ ಜೊತೆ ಮರಾಠಿ. ಬೈಯುವುದಕ್ಕೂ ಊಟಕ್ಕೆ ಕರೆಯುವುದಕ್ಕೂ ಮಾತ್ರ ಕನ್ನಡ.

ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಓಣಿಯ ಒಬ್ಬ ಹೆಣ್ಣುಮಗಳು ಮುಂಜಾನೆ ಬಂದು ರೊಟ್ಟಿ ಬಡಿದು, ಬೇಳೆ ಪಲ್ಯ ಮಾಡಿಟ್ಟು ಹೋಗುತ್ತಿದ್ದಳು. ಅಡುಗೆ ಯಾವಾಗಲೂ ನಾಲ್ಕು ಮಂದಿಗೆ ಆಗುವಷ್ಟು. ಆ ನಾಲ್ಕು ಮಂದಿಯನ್ನು ಹಿಡಿದು ತರುವುದು ಕಾಕಾ ಅವರ ದಿನದ ಮುಖ್ಯ ಕೆಲಸ, ಬೀಜ ಮಾರುವುದು ಅದರ ನಂತರದ್ದು. ಹನ್ನೆರಡು ದಾಟಿದ ಮೇಲೆ ಆ ಅಂಗಡಿಗೆ ಹೋದವನು ಉಣ್ಣದೆ ಹೊರಬಿದ್ದದ್ದಿಲ್ಲ. ಒಮ್ಮೆ ನನಗೆ ತಾಂಡೂರಿಗೆ ಹೋಗುವ ಅವಸರವಿತ್ತು. ನೋಡಿದರೆ ಬೈಕಿನ ಕೀಲಿ ಇಲ್ಲ.

"ಜೋಳದ ಚೀಲದಾಗ ಹಾಕೀನಿ," ಎಂದರು ಕಾಕಾ, ತಲೆ ಎತ್ತದೆ. "ಉಂಡ ಮ್ಯಾಲ ಹುಡುಕೋ. ಈಗ ಕೈ ಹಾಕಿದ್ರ ಮುರೀತೀನಿ ನೋಡು."

ಇನ್ನೊಮ್ಮೆ ಮೊಗುಡಂಪಲ್ಲಿ ಕಡೆಯ ಒಬ್ಬ ರೈತ ಬೀಜ ಹುಟ್ಟಲಿಲ್ಲವೆಂದು ಚೀಲ ತಂದು ಕಟ್ಟೆಯ ಮೇಲೆ ಬಡಿದ. ಓಣಿಯವರೆಲ್ಲ ಕೂಡಿದರು. ಕಾಕಾ ಕೈ ಹಿಡಿದು ಅವನನ್ನು ಒಳಗೆ ಎಳೆದರು. "ಮೊದಲ ಉಣ್ಣು. ಆಮ್ಯಾಲ ಬೈ." ಆತ ಹೊಟ್ಟೆ ತುಂಬ ಉಂಡು, ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು ಮತ್ತೆ ಶುರುವಿನಿಂದ ಬೈದ. ಕಾಕಾಗೆ ಬಹಳ ಖುಷಿಯಾಯಿತು. ಹೊಸ ಚೀಲ ಕೊಟ್ಟು ಕಳಿಸಿದರು. ಆ ಚೀಲದ ಲೆಕ್ಕ ಕಂಪನಿಗೆ ಒಪ್ಪಿಸುವಷ್ಟರಲ್ಲಿ ನನ್ನ ಜೀವ ಹೋಗಿ ಬಂತು, ಆ ಮಾತು ಬೇರೆ.

"ಒಬ್ಬನೇ ಉಣ್ಣೋದು ಊಟಲ್ಲೋ ತಮ್ಮಾ, ಹೊಟ್ಟಿಗಿ ಹಾಕೋದು," ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ಆ ಮನೆಯಲ್ಲಿ ಸಂಜೆ ಊಟಕ್ಕೆ ಯಾರೂ ಇರುವುದಿಲ್ಲ ಎಂಬುದು ನನಗೆ ಎಷ್ಟೋ ದಿನ ಹೊಳೆದಿರಲಿಲ್ಲ.

ಊಟ ಮುಗಿದ ಮೇಲೆ ಅವರು ತಪ್ಪದೆ ಒಂದು ಕೆಲಸ ಮಾಡುತ್ತಿದ್ದರು. ತಾಟಿಗೆ ಸ್ವಲ್ಪ ನೀರು ಹಾಕಿ, ಬೆರಳಿನಿಂದ ಸುತ್ತಲೂ ಸವರಿ, ಅಂಟಿದ ಅಗಳು, ಎಸರಿನ ಪಸೆ ಎಲ್ಲ ಕೂಡಿಸಿ ಆ ನೀರನ್ನು ಕುಡಿಯುತ್ತಿದ್ದರು. ನಮ್ಮ ಕಡೆಯ ಲಿಂಗವಂತರ ಹಳೆಯ ಮನೆಗಳಲ್ಲಿ ಇದು ಹೊಸದಲ್ಲ. ಲಿಂಗಕ್ಕೆ ಅರ್ಪಿಸಿ ಉಂಡದ್ದು ಪ್ರಸಾದ, ಪ್ರಸಾದ ಕೆಡಿಸಬಾರದು. ನಮ್ಮ ಅಜ್ಜನೂ ಹಾಗೇ ಮಾಡುತ್ತಿದ್ದರು, ಅಪ್ಪ ಹಬ್ಬಕ್ಕೆ ಮಾತ್ರ ಮಾಡಿದರು, ನಾನು ಬಿಟ್ಟೇಬಿಟ್ಟೆ. ಕಾಕಾ ಬಿಟ್ಟಿರಲಿಲ್ಲ. "ನಮ್ಮ ಮನಿಯಾಕಿ ಒಂದು ಅಗಳು ತಾಟಿನಾಗ ಉಳಿದ್ರ ನನಗ ಏಳಗೊಡತಿದ್ದಿಲ್ಲ," ಎನ್ನುತ್ತಿದ್ದರು. "ಕಾಳು ಮಾರಿ ಬದುಕಾವ್ರು ನಾವು. ನಾವೇ ಕಾಳು ಚೆಲ್ಲಿದ್ರ ಹ್ಯಾಂಗ?"

ಹೆಚ್ಚು ಬೀಜ ಮಾರಿದ ಅಂಗಡಿಯವರನ್ನು ನಮ್ಮ ಕಂಪನಿ ಆಗಾಗ ಪ್ರವಾಸಕ್ಕೆ ಕಳಿಸುತ್ತಿತ್ತು. ಗೋವಾ ಆಯಿತು, ದುಬೈ ಆಯಿತು. ಪ್ರತಿಸಲವೂ ಕಾಕಾ ತಮ್ಮ ಜಾಗವನ್ನು ಬೇರೆ ಯಾರಿಗಾದರೂ ಬಿಟ್ಟುಕೊಡುತ್ತಿದ್ದರು. ಎಲ್ಲ ಜೋಡಿಯಾಗಿ ಹೋಗುವ ಪ್ರವಾಸಗಳು, ತಾವು ಯಾರ ಜೊತೆ ಹೋಗುವುದು ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಂದು ವರ್ಷ ಸಿಂಗಾಪುರದಿಂದ ಹೊರಡುವ ದೊಡ್ಡ ಹಡಗಿನಲ್ಲಿ ಒಂದು ವಾರದ ಯಾನ ಎಂದು ಗೊತ್ತಾಯಿತು. ಎಲ್ಲರನ್ನೂ ಜಹೀರಾಬಾದಿನ ಹೆದ್ದಾರಿ ಪಕ್ಕದ ಹೋಟೆಲಿಗೆ ಕರೆದು ಹಡಗಿನ ರೀತಿನೀತಿ ತಿಳಿಸಿ ಹೇಳುವ ಕೆಲಸ ನನ್ನ ತಲೆಗೆ ಬಂತು. ನಾನು ಅಲ್ಲಿಯವರೆಗೆ ಹುಸೇನ್ ಸಾಗರದ ದೋಣಿ ಬಿಟ್ಟು ಬೇರೆ ಏನನ್ನೂ ಹತ್ತಿದವನಲ್ಲ.

ಹಡಗಿನಲ್ಲಿ ಎರಡು ರಾತ್ರಿ 'ಫಾರ್ಮಲ್ ನೈಟ್' ಇರುತ್ತವೆ ಎಂದು ಹೇಳಿದೆ. ಆ ಎರಡು ರಾತ್ರಿ ಚಡ್ಡಿ, ಜೀನ್ಸು, ಚಪ್ಪಲಿ ನಡೆಯುವುದಿಲ್ಲ. ಗಂಡಸರಿಗೆ ಸೂಟು, ಇಲ್ಲವೇ ನಮ್ಮ ದೇಶದ ಒಳ್ಳೆಯ ಉಡುಪು. ಕ್ಯಾಪ್ಟನ್ ಬಂದು ಎಲ್ಲರ ಕೈಕುಲುಕುತ್ತಾನೆ. ಮೆಟ್ಟಿಲ ಹತ್ತಿರ ಫೋಟೋದವರು ನಿಂತಿರುತ್ತಾರೆ. ಊಟ ಒಂದೊಂದಾಗಿ ಬರುತ್ತದೆ, ಒಂದು ತಾಟು ಒಯ್ದ ಮೇಲೆ ಇನ್ನೊಂದು ತಾಟು. ಶಾಖಾಹಾರ ಮೊದಲೇ ಹೇಳಿಟ್ಟಿದ್ದೇವೆ. ಈ ಶಿಸ್ತು ಬೇಡವಾದವರಿಗೆ ಮೇಲಿನ ಅಂತಸ್ತಿನಲ್ಲಿ ಬಫೆ ಇದೆ, ಅಲ್ಲಿ ಯಾರೂ ಬಟ್ಟೆ ನೋಡುವುದಿಲ್ಲ.

"ಕ್ಯಾಪ್ಟನ್ ಎಲ್ಲರ ಕೈ ಹಿಡಕೋತ ನಿಂತ್ರ ಹಡಗ ಯಾರು ನಡಸ್ತಾರ್ರಿ?" ಎಂದು ಹಿಂದಿನಿಂದ ಒಬ್ಬರು ಕೇಳಿದರು. ಸಂಗಮೇಶನ ಹೆಂಡತಿ ಭಾಗ್ಯಶ್ರೀ ಎರಡು ರಾತ್ರಿಗೂ ಒಂದೇ ಸೀರೆ ನಡೆಯುವುದೇ ಎಂದು ಕೇಳಿ, ನಡೆಯುವುದಿಲ್ಲವೆಂದು ತಾನೇ ತೀರ್ಮಾನಿಸಿದಳು. ಕಾಕಾ ಮೂಲೆಯಲ್ಲಿ ಕುಳಿತಿದ್ದರು, ಅಂದೂ ತಮ್ಮ ಜಾಗ ಬಿಟ್ಟುಕೊಡಲೆಂದೇ ಬಂದಿದ್ದರು. ನಾನು ಕೊನೆಗೆ ಇನ್ನೊಂದು ಮಾತು ಹೇಳಿದೆ: ಊಟದ ಮೇಜು ಮೊದಲೇ ಗೊತ್ತುಮಾಡಿರುತ್ತಾರೆ, ಮೊದಲ ರಾತ್ರಿ ಯಾರ ಜೊತೆ ಕೂತಿರೋ ಕೊನೆಯವರೆಗೂ ಅವರ ಜೊತೆಯೇ.

ಕಾಕಾ ಎದ್ದು ನಿಂತರು. "ದಿನಾಲೂ ಅದೇ ಮೇಜು?"

"ಹೌದ್ರಿ."

"ಅದೇ ಮಂದಿ?"

"ಅದೇ ಮಂದಿ ಕಾಕಾ."

"ದಿನಾ ಸಂಜಿಗಿ?"

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಅದೇ ವಾರ ಜಹೀರಾಬಾದಿನ ದರ್ಜಿಯ ಹತ್ತಿರ ಕರಿ ಬಂದ್ ಗಲಾ ಕೋಟು ಹೊಲಿಯಲು ಹಾಕಿದರು. ಟೈ ಬೇಡ, ಶಿವದಾರಕ್ಕೆ ಬಿಗಿಯಾಗುತ್ತದೆ ಎಂದರಂತೆ.

ಕಂಪನಿಯ ನೌಕರರಿಗೆ ಜೋಡಿ ಟಿಕೇಟು ಇರಲಿಲ್ಲವಾದ್ದರಿಂದ ನನ್ನ ಹೆಂಡತಿ ಬರಲಿಲ್ಲ, ಕಾಕಾ ಮತ್ತು ನಾನು ಒಂದೇ ಕೋಣೆಯಲ್ಲಿದ್ದೆವು. ಅವರು ಸಮುದ್ರವನ್ನು ಹೆಚ್ಚು ನೋಡಲಿಲ್ಲ. "ಭಾಳ ನೀರು ಅದ," ಎಂದು ಹೇಳಿ ಕಿಟಕಿಯಿಂದ ಈಚೆ ಬಂದರು. ಮಧ್ಯಾಹ್ನದಿಂದಲೇ ಊಟದ ಹೊತ್ತು ಎಷ್ಟಕ್ಕೆ ಎಂದು ಕೇಳಲು ಶುರುಮಾಡುತ್ತಿದ್ದರು. ನಮ್ಮ ಮೇಜಿಗೆ ಎಂಟು ಕುರ್ಚಿ. ಸಂಗಮೇಶ ದಂಪತಿ, ಜಹೀರಾಬಾದಿನ ಇನ್ನೆರಡು ಜೋಡಿ, ಕಾಕಾ, ನಾನು.

ಮೊದಲ ಸಂಜೆಯೇ ಮೊದಲ ಫಾರ್ಮಲ್ ನೈಟು, ಅದಕ್ಕೆ ಕಾಕಾ ಎಲ್ಲರಿಗಿಂತ ಮೊದಲೇ ಸಿದ್ಧರಾದರು. ಕೋಟು ಚೆನ್ನಾಗಿ ಒಪ್ಪಿತ್ತು. ಮೆಟ್ಟಿಲ ಹತ್ತಿರ ಫೋಟೋದವನು ಜೋಡಿಗಳನ್ನು ನಿಲ್ಲಿಸಿ ತೆಗೆಯುತ್ತಿದ್ದ. ಕಾಕಾ ನನ್ನ ರಟ್ಟೆ ಹಿಡಿದು ನಿಲ್ಲಿಸಿಕೊಂಡರು. "ನಮಗೂ ಜೋಡಿ ಅದ, ತೆಗಿ," ಎಂದು ಅವನಿಗೆ ಕನ್ನಡದಲ್ಲೇ ಹೇಳಿದರು. ಮೇಜಿಗೆ ಕೂತ ಮೇಲಂತೂ ಅವರ ಮುಖ ನೋಡಬೇಕು. ಎಲ್ಲರನ್ನೂ ಒಮ್ಮೆ ನೋಡಿ, ಕೋಟಿನೊಳಗಿನ ಕರಡಿಗೆಯನ್ನು ಮುಟ್ಟಿಕೊಂಡು, "ನಡೀರಿ, ಉಣ್ಣಮ್ಮ," ಎಂದರು.

ಮೊದಲು ಸೂಪು ಬಂತು. ಕಾಕಾ ಕುಡಿದು ಮುಗಿಸಿ, ಲೋಟದ ನೀರನ್ನು ಬಟ್ಟಲಿಗೆ ಹಾಕಿ, ಬೆರಳಿಂದ ಸವರಿ, ಎತ್ತಿ ಕುಡಿದರು. ಆಮೇಲೆ ದೊಡ್ಡ ತಾಟಿನ ನಡುವೆ ಸ್ವಲ್ಪವೇ ಸೊಪ್ಪು, ತರಕಾರಿ ಬಂತು. ಅದಕ್ಕೂ ನೀರು. ಒಂದೊಂದು ತಾಟಿಗೂ ಹೀಗೇ ನಡೆಯಿತು. ಒಯ್ಯಲು ಬಂದ ಇಂಡೋನೇಷ್ಯಾದ ನಡುವಯಸ್ಸಿನ ವೇಟರ್ ಹಿಂದೆ ಕೈಕಟ್ಟಿ ಕಾಯುತ್ತ ನಿಂತ. ಪಕ್ಕದ ಮೇಜಿನ ಬಿಳಿಯರು ತಿರುಗಿ ನೋಡಿದರು. ಒಬ್ಬಳು ಮೊಬೈಲು ಎತ್ತಿದಳು. ಸಂಗಮೇಶನ ಮುಖ ಕೆಂಪಗಾಯಿತು.

"ಕಾಕಾ, ಇಲ್ಲಿ ಹಂಗ ಮಾಡಬ್ಯಾಡ್ರಿ. ಎಲ್ಲಾರೂ ನೋಡ್ಲತ್ತಾರ."

"ನೋಡ್ಲಿ ಬಿಡು."

"ನಮ್ಮ ಬಗ್ಗೆ ಏನ್ ತಿಳ್ಕೋತಾರ್ರಿ?"

"ನಿಮ್ಮಪ್ಪನೂ ಹಿಂಗೇ ಮಾಡ್ತಿದ್ದ. ನನ್ನ ಬಾಜೂಕೇ ಕುಂತು ಮಾಡ್ಯಾನ," ಎಂದರು ಕಾಕಾ. ಬೈದು ಹೇಳಿದ್ದಲ್ಲ, ಹಳೆಯ ಗೆಳೆಯನ ನೆನಪಾಗಿ ಪ್ರೀತಿಯಿಂದಲೇ ಹೇಳಿದರು. ಆದರೆ ಸಂಗಮೇಶನಿಗೆ ಅದೇ ಹೆಚ್ಚು ನಾಟಿತು.

ಮರುದಿನ ಸಂಜೆ ಮೇಜಿಗೆ ಒಂದು ಜೋಡಿ ಬರಲಿಲ್ಲ. ಅದರ ಮರುದಿನ ಕಾಕಾ, ನಾನು ಇಬ್ಬರೇ. ಆರು ಕುರ್ಚಿಗಳ ಮುಂದೆ ಮಡಿಸಿಟ್ಟ ಬಟ್ಟೆ ಹಾಗೇ ಇತ್ತು. ಉಳಿದವರು ಮೇಲೆ ಹೋಗಿರಬೇಕು, ಅಲ್ಲಿನ ಬಫೆಯಲ್ಲಿ ದಾಲು ಸಿಗುತ್ತದಂತೆ ಎಂದು ನಾನು ಹೇಳಿದೆ, ಅದು ಖರೆಯೂ ಆಗಿತ್ತು. ಕಾಕಾ ಹೂಂ ಎಂದು ತಲೆಯಾಡಿಸಿದರು. ವೇಟರ್ ಅಂದು ಕೇಳದೆಯೇ ಒಂದು ಸಣ್ಣ ಜಗ್ಗಿನಲ್ಲಿ ಬೆಚ್ಚಗಿನ ನೀರು ತಂದು ಕಾಕಾ ಅವರ ಕೈ ಹತ್ತಿರ ಇಟ್ಟ. ಆಮೇಲೆ ದಿನವೂ ತಂದಿಟ್ಟ. ಆ ಇಡೀ ಹಡಗಿನಲ್ಲಿ ಅವರನ್ನು ಅರ್ಥಮಾಡಿಕೊಂಡವನು ಅವನೊಬ್ಬನೇ ಎಂದು ಈಗಲೂ ನನಗೆ ಅನಿಸುತ್ತದೆ.

ಎರಡನೆಯ ಫಾರ್ಮಲ್ ನೈಟಿನ ದಿನ ಮಧ್ಯಾಹ್ನ ಕಾಕಾ ಕೋಣೆಯಲ್ಲಿ ಮಂಚದ ಮೇಲೆ ಕೋಟು ಹರವಿ, ಅದರ ಗುಂಡಿಗಳನ್ನು ಮುಟ್ಟಿ ನೋಡುತ್ತ ಕುಳಿತಿದ್ದರು.

"ತಮ್ಮಾ, ಖರೆ ಹೇಳು. ಮಂದಿ ಬರವಲ್ರು, ಅದು ನನ್ನ ಸಲಾಕೇನು?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಬೀಜ ಮಾರುವ ಕೆಲಸದಲ್ಲಿ ಅದೊಂದು ದೊಡ್ಡ ಅಡ್ಡಿ. "ಹೌದ್ರಿ ಕಾಕಾ," ಎಂದೆ. "ತಾಟು ತೊಳದು ಕುಡಿತೀರಲ್ಲ, ಅವ್ರಿಗಿ ನಾಚಿಕಿ ಆಗ್ತದ."

"ಹಂಗಾ," ಎಂದು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದರು.

ನನಗೆ ತಡೆಯಲಾಗಲಿಲ್ಲ. ಈಜುಕೊಳದ ಪಕ್ಕ ಕುಳಿತಿದ್ದ ಸಂಗಮೇಶನನ್ನು ಹುಡುಕಿಕೊಂಡು ಹೋದೆ. ಇವತ್ತೊಂದು ರಾತ್ರಿ ಎಲ್ಲರೂ ಕೆಳಗೆ ಬರಬೇಕು ಎಂದೆ. ಭಾಗ್ಯಶ್ರೀ "ನಂದೇನೂ ಇಲ್ಲರಿ, ಇವರಿಗೇ ನಾಚಿಕಿ," ಎಂದಳು. ಸಂಗಮೇಶ ಸಮುದ್ರದ ಕಡೆ ನೋಡುತ್ತ, "ಬರ್ತೀವಿ. ಆದ್ರ ಕಾಕಾಗ ನೀವು ಜರಾ ತಿಳಿಸಿ ಹೇಳ್ರಿ," ಎಂದ.

"ನಾ ಹೇಳಂಗಿಲ್ಲ. ಬರೋದಿದ್ರ ಬಾ, ಬಿಡೋದಿದ್ರ ಬಿಡು," ಎಂದು ಸಿಟ್ಟಿನಿಂದ ಬಂದುಬಿಟ್ಟೆ.

ಬಂದರು. ಎಂಟೂ ಕುರ್ಚಿ ತುಂಬಿದವು. ಕಾಕಾ ಎದ್ದು ನಿಂತು ಒಬ್ಬೊಬ್ಬರನ್ನೂ "ಬರ್ರಿ, ಕುಂಡ್ರಿ, ಬರ್ರಿ" ಎಂದು ತಮ್ಮ ಮನೆಯೆಂಬಂತೆ ಕೂಡಿಸಿದರು. ವೇಟರ್ ಎಂದಿನಂತೆ ಬೆಚ್ಚಗಿನ ನೀರಿನ ಜಗ್ಗು ತಂದಿಟ್ಟ. ಕಾಕಾ ಅದನ್ನು ಅಂಗೈಯಿಂದ ಮೆಲ್ಲಗೆ ಆಚೆ ಸರಿಸಿದರು. ಅವನಿಗೆ ತಿಳಿಯಲಿಲ್ಲ. ಮತ್ತೆ ಹತ್ತಿರ ಇಟ್ಟ. ಮತ್ತೆ ಸರಿಸಿದರು.

ಸೂಪಿನ ತಳದಲ್ಲಿ ಒಂದಿಷ್ಟು ಉಳಿಯಿತು, ಕಾಕಾ ಬಟ್ಟಲನ್ನು ಮುಟ್ಟಲಿಲ್ಲ. ಅನ್ನ, ಬೇಳೆ ನಮಗೆಂದೇ ಮಾಡಿಸಿದ್ದು ಬಂತು. ಉಂಡು, ಒಂದು ತುತ್ತಿನಷ್ಟು ಅನ್ನವನ್ನು ಉಳಿದವರಂತೆ ತಾಟಿನ ಬದಿಗೆ ಸರಿಸಿ ಬಿಟ್ಟರು. ಅವರ ಬಲಗೈ ಒಮ್ಮೆ ನೀರಿನ ಲೋಟದ ಹತ್ತಿರ ಹೋಯಿತು. ಅದನ್ನು ತಂದು ತೊಡೆಯ ಮೇಲೆ ಇಟ್ಟುಕೊಂಡು, ಎಡಗೈಯಿಂದ ಒತ್ತಿ ಹಿಡಿದರು. ಪಕ್ಕದಲ್ಲಿದ್ದ ನನಗೆ ಮಾತ್ರ ಅದು ಕಂಡಿತು.

ಸಂಗಮೇಶನ ಸಂತೋಷಕ್ಕೆ ಪಾರವೇ ಇಲ್ಲ. "ನೋಡ್ರಿ, ನಮ್ಮ ಕಾಕಾ ಪಕ್ಕಾ ಜಂಟಲ್‌ಮನ್ ಆಗ್ಯಾರ!" ಎಂದು ಹೆಗಲ ಮೇಲೆ ಕೈ ಹಾಕಿದ. ಎಲ್ಲರೂ ನಕ್ಕರು, ಕಾಕಾನೂ ನಕ್ಕರು. ಆಮೇಲೆ ಅವರಿಗೆ ಮಾತಿನ ಹುರುಪು ಬಂತು. ಹಳೆಯ ಕಾಲದ ಸಂತೆ, ಚೀಲ ಹೊತ್ತು ಓಡಿದ ಕತ್ತೆ, ಸಂಗಮೇಶನ ಅಪ್ಪನ ಮದುವೆಯಲ್ಲಿ ಬೀಗರು ಮುನಿದದ್ದು, ಒಂದಾದ ಮೇಲೊಂದು. ಮೇಜಿನ ಸುತ್ತ ಎಲ್ಲರೂ ಅವರನ್ನೇ ನೋಡುತ್ತ ಕೂತಿದ್ದರು. ಭಾಗ್ಯಶ್ರೀ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಆಗ ಸಂಗಮೇಶ ವೇಟರನ ಕೈಗೆ ಮೊಬೈಲು ಕೊಟ್ಟು ಆ ಫೋಟೋ ತೆಗೆಸಿದ. ಫೋಟೋ ತೆಗೆದ ಮೇಲೆ ವೇಟರ್ ತಾಟುಗಳನ್ನು ಒಂದರ ಮೇಲೊಂದು ಪೇರಿಸಿ ಒಯ್ದ. ಅಡುಗೆಮನೆಯ ಬಾಗಿಲು ಮುಚ್ಚುವವರೆಗೂ ಕಾಕಾ ಆ ತಾಟುಗಳನ್ನೇ ನೋಡುತ್ತಿದ್ದರು, ಕತೆ ಹೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮರುದಿನ ಮುಂಜಾನೆ ಅವರು ಹಡಗಿನ ಕಟಕಟೆ ಹಿಡಿದು ನಿಂತಿದ್ದರು. ತಿಂಡಿಗೆ ಕರೆಯಲು ಹೋದೆ.

"ಒಲ್ಲೆ," ಎಂದರು. "ಮನಿಯಿಂದ ತಂದ ರೊಟ್ಟಿ ಅವ. ಕ್ವಾಣ್ಯಾಗ ತಿಂತೀನಿ."

"ನಿನ್ನಿ ಭಾಳ ಛಲೋ ಆತಲ್ರಿ ಕಾಕಾ. ಎಲ್ಲಾರೂ ಖುಷಿ ಇದ್ರು."

"ನಾನೂ ಖುಷಿ ಇದ್ದೆ. ಅದೇ ಕೆಟ್ಟದ್ದಾತು ನೋಡು. ಮನಿಯಾಕಿ ಸತ್ತ ದಿನಾನೂ ನಾ ತಾಟು ಹಂಗ ಬಿಟ್ಟಿದ್ದಿಲ್ಲೋ. ನಿನ್ನಿ ಮಂದಿ ಸಲಾಕ ಬಿಟ್ಟೆ. ಅದೇನು ದೊಡ್ಡ ಕಷ್ಟ ಆಗಲಿಲ್ಲ. ನಾಳಿ ಮಂದಿ ಕುಂತ್ರ ಮತ್ತ ಬಿಡ್ತೀನಿ. ನನಗ ನನ್ನ ಮ್ಯಾಲ ಭರೋಸ ಇಲ್ಲ."

ನಾನು ಏನಾದರೂ ಹೇಳಬೇಕಿತ್ತು. ದೇವರು ಅಷ್ಟು ಸಣ್ಣವನಲ್ಲ ಎಂದೋ, ಒಂದು ತುತ್ತಿಗೆ ಏನಾಗುತ್ತದೆ ಎಂದೋ. ಹೇಳುವ ಯೋಗ್ಯತೆ ನನಗಿರಲಿಲ್ಲ, ತಾಟು ತೊಳೆದು ಕುಡಿಯುವುದನ್ನು ನಾನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರ ಪಕ್ಕ ನಾನೂ ಕಟಕಟೆ ಹಿಡಿದು ನಿಂತೆ. ಕೊನೆಯ ಸಂಜೆ ಅವರು ಊಟದ ಮೇಜಿಗೆ ಬರಲಿಲ್ಲ. ತಲೆನೋವು ಎಂದು ಹೇಳಿ ಕಳಿಸಿದರು. ಉಳಿದವರು ಪಾಪ, ಕಾಕಾ ಯಾಕೆ ಬರಲಿಲ್ಲ, ನಿನ್ನೆಯಂಥ ಮಜಾ ಇಲ್ಲ ಎಂದು ಮತ್ತೆ ಮತ್ತೆ ಕೇಳಿದರು. ಅವರ ಮೇಲೆ ನನಗೆ ಸಿಟ್ಟು ಬಂತು, ಅವರದೇನೂ ತಪ್ಪಿಲ್ಲವೆಂದು ಗೊತ್ತಿದ್ದರೂ ಬಂತು.

ಊರಿಗೆ ಮರಳಿದ ಮೇಲೆ ಮುಂಗಾರಿನ ಬಿತ್ತನೆಯ ಹೊತ್ತಿಗೆ ನಾನು ನಾರಾಯಣಖೇಡಕ್ಕೆ ಹೋದೆ. ಅಂಗಡಿಯಲ್ಲಿ ರೈತರಿದ್ದರು. ಕಾಕಾ ಎಲ್ಲರನ್ನೂ ಮಾತಾಡಿಸಿದರು, ನನ್ನ ಹೆಂಡತಿ, ಮಕ್ಕಳನ್ನು ವಿಚಾರಿಸಿದರು, ಚಹಾ ತರಿಸಿದರು. ಮಧ್ಯಾಹ್ನವಾಯಿತು. ರೈತರು ಒಬ್ಬೊಬ್ಬರಾಗಿ ಎದ್ದು ಹೋದರು, ಕಾಕಾ ಯಾರನ್ನೂ ತಡೆಯಲಿಲ್ಲ. ನಾನು ಕೂತೇ ಇದ್ದೆ. ಒಳಕೋಣೆಯ ಬಾಗಿಲಿನಿಂದ ರೊಟ್ಟಿಯ ಬುಟ್ಟಿ ಕಾಣುತ್ತಿತ್ತು. ಅದರ ಮೇಲೆ ಮುಚ್ಚಿದ ಬಟ್ಟೆ ಯಾರೂ ಎತ್ತಿರಲಿಲ್ಲ.

"ಊಟ ಆತೇನ್ರಿ ಕಾಕಾ?" ನಾನೇ ಕೇಳಿದೆ.

"ಹೂಂ, ಆತು," ಎಂದರು, ತೊಗರಿ ಚೀಲದ ಬಾಯಿ ಕಟ್ಟುತ್ತ.

ಕಟ್ಟಿದ ಚೀಲವನ್ನೇ ಬಿಚ್ಚಿ ಮತ್ತೆ ಕಟ್ಟಿದರು. ನಾನು ಇನ್ನೂ ಸ್ವಲ್ಪ ಹೊತ್ತು ಕೂತೆ. ಮಳೆ, ಬೆಳೆ, ಬಸ್ಸಿನ ಮಾತಾಡಿದೆವು. ಆಮೇಲೆ ಅವರ ಮುಖ ನೋಡಿದೆ. ಹೊಟ್ಟೆ ಹಸಿದ ಮನುಷ್ಯನ ಮುಖ ಅದು. ತಮ್ಮ ಮೇಲೆ ಭರೋಸ ಇಲ್ಲವೆಂದು ಹಡಗಿನಲ್ಲಿ ಅಂದದ್ದು ನೆನಪಾಯಿತು, ನಾನು ಇರುವವರೆಗೂ ಅವರು ಉಣ್ಣುವುದಿಲ್ಲ. "ಬರ್ತೀನ್ರಿ ಕಾಕಾ," ಎಂದು ಎದ್ದೆ. ಅವರು ಒಂದು ಸಲವೂ ನಿಲ್ಲು ಎನ್ನಲಿಲ್ಲ. ಹೊರಗೆ ಬಂದು, ಅವರು ಬೇಗ ಒಳಗೆ ಹೋಗಲಿ ಎಂದು, ಬೈಕಿನ ಸದ್ದು ಜೋರಾಗಿ ಕೇಳಿಸುವಂತೆ ಮಾಡಿ ಹೊರಟುಹೋದೆ.